ಹೆಗ್ಗಣಮುಕ್ತ ಕೌಂಟಿಯಲ್ಲಿ ಇಲಿಯಿಂದ ಸತ್ತವಳ ಪರವಾಗಿ

ಕೌಂಟಿಯ ಪೀಡೆ ನಿಯಂತ್ರಣ ಇಲಾಖೆಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಈ ಪದವನ್ನು ಎರಡು ಸಲ ಬರೆದು ಹೊಡೆದುಹಾಕಿದೆ. ಮೂರನೆಯ ಸಲ ಹಾಗೇ ಬಿಟ್ಟಿದ್ದೇನೆ. ಮನುಷ್ಯನಿಗಲ್ಲದಿದ್ದರೂ ಕುರ್ಚಿಗೆ ಮರ್ಯಾದೆ ಕೊಡಬೇಕೆಂದು ನನ್ನ ತಾಯಿ ಕಲಿಸಿದ್ದಳು.

ಬರುವ ಶನಿವಾರ ನೀವು ಬೆರೆಝಾ ಊರಿನ ನಮ್ಮ ಸಮುದಾಯ ಭವನದಲ್ಲಿ 'ಹೆಗ್ಗಣವಿಲ್ಲದ ಎಪ್ಪತ್ತೈದು ವರ್ಷ' ಎಂಬ ಉತ್ಸವ ಇಟ್ಟುಕೊಂಡಿದ್ದೀರಿ. ಹಿಂದಿನ ದಿನ ಐದನೇ ತರಗತಿಯ ಮಕ್ಕಳು ಬಂದು ಭವನ ಗುಡಿಸಿ, ಬಣ್ಣದ ಕಾಗದ ಕಟ್ಟುತ್ತಾರಂತೆ. ಅದೇ ಭವನವನ್ನು ಗುಡಿಸಿ, ಅದರ ಧೂಳು ಕುಡಿದು, ಈ ವಸಂತದಲ್ಲಿ ನನ್ನ ತಂಗಿ ಸ್ಲಾವ್ಕಾ ಸತ್ತಳು. ಅವಳ ಜೀವ ತೆಗೆದದ್ದು ಹೆಗ್ಗಣವಲ್ಲ, ಇಲಿ. ಆದ್ದರಿಂದ ಅವಳು ನಿಮ್ಮ ಲೆಕ್ಕಕ್ಕೆ ಬರಲಿಲ್ಲ. ಅವಳು ಸತ್ತ ಮೇಲೆ ಆ ಭವನಕ್ಕೆ ನಿಮ್ಮ ಕಡೆಯವರು ಯಾರೂ ಕಾಲಿಟ್ಟಿಲ್ಲ. ಈಗ ಮಕ್ಕಳನ್ನು ಕಳಿಸುತ್ತಿದ್ದೀರಿ. ಪತ್ರಿಕೆಯಲ್ಲಿ ಈ ಪತ್ರ ಅಚ್ಚು ಹಾಕಿಸುತ್ತಿರುವುದು ಅದಕ್ಕೆ.

ನಿಮ್ಮ ಇಲಾಖೆಯ ಸಾಧನೆ ನನಗೆ ಗೊತ್ತಿಲ್ಲವೆಂದುಕೊಳ್ಳಬೇಡಿ. ನಾನು ಹುಟ್ಟಿ ಬೆಳೆದದ್ದೇ ಅದರ ನೆರಳಿನಲ್ಲಿ. ಹೆದ್ದಾರಿಯಲ್ಲಿ ಕೌಂಟಿಯ ಗಡಿ ದಾಟುತ್ತಿದ್ದಂತೆ ನಿಮ್ಮ ಫಲಕ ಎದುರಾಗುತ್ತದೆ. ಕೆಂಪು ವೃತ್ತದಲ್ಲಿ ಅಡ್ಡಗೆರೆ ಎಳೆಸಿಕೊಂಡ ಹೆಗ್ಗಣ. ನಮ್ಮ ಶಾಲೆಯ ಗೋಡೆಯ ಮೇಲೆ ಸಂತರ ಪಟಗಳಿಗಿಂತ ದೊಡ್ಡದಾಗಿ ಹೆಗ್ಗಣದ ಪಟ ಇತ್ತು, ಕೋರೆಹಲ್ಲು ಕಿರಿದು ಗೋಧಿಯ ಕಣಜದ ಮೇಲೆ ಕೂತದ್ದು. ಹಿಕ್ಕೆ ಅಕ್ಕಿಕಾಳಿನಷ್ಟಿದ್ದರೆ ಇಲಿ, ಅವರೆಬೀಜದಷ್ಟಿದ್ದರೆ ಹೆಗ್ಗಣ ಎಂದು ನಾವು ರಾಗವಾಗಿ ಹಾಡಿ ಕಲಿತೆವು. ಹೆಗ್ಗಣ ಕಂಡವರು ಒಂದು ಕ್ಷಣವೂ ತಡಮಾಡದೆ ಫೋನ್ ಮಾಡಬೇಕು, ಮುಚ್ಚಿಟ್ಟವರು ಊರಿಗೆ ದ್ರೋಹ ಮಾಡಿದ ಹಾಗೆ. ಒಮ್ಮೆ ಪಕ್ಕದ ಪ್ರಾಂತ್ಯದಿಂದ ಹುಲ್ಲಿನ ಲಾರಿಯಲ್ಲಿ ಒಂದೇ ಒಂದು ಹೆಗ್ಗಣ ಬಂತೆಂದು ನಿಮ್ಮವರು ಬಂದೂಕು ಹಿಡಿದು ಒಂದು ವಾರ ಹೊಲ ಸುತ್ತಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಬೆಟ್ಟ ಅಗೆದು ಇಲಿ ಹಿಡಿದರು ಎನ್ನೋಣವೆಂದರೆ, ನೀವು ಇಲಿಯನ್ನೂ ಹಿಡಿಯಲಿಲ್ಲವಲ್ಲ!

ನೀವು ನಮಗೆ ಹೇಳಿಕೊಡದೆ ಬಿಟ್ಟದ್ದು ಒಂದೇ ಒಂದು ಸಂಗತಿ. ನಮ್ಮ ಬಯಲಿನಲ್ಲಿ ಜಿಂಕೆಯ ಬಣ್ಣದ ಒಂದು ಪುಟ್ಟ ಇಲಿ ಇದೆ. ಬಿಳಿ ಹೊಟ್ಟೆ, ಅಗಲ ಕಿವಿ, ಮಣಿಯಂಥ ಕಣ್ಣು. ನೋಡಿದರೆ ಮುದ್ದು ಬರಬೇಕು. ಅಂಥ ಇಲಿಗಳಲ್ಲಿ ಕೆಲವಕ್ಕೆ ಹಂಟಾ ಎಂಬ ವೈರಸ್ ಇರುತ್ತದೆ. ಅವುಗಳ ಹಿಕ್ಕೆ, ಉಚ್ಚೆ ಒಣಗಿ ಧೂಳಾಗಿ ಮೂಗಿಗೆ ಹೋದರೆ ಮನುಷ್ಯರ ಶ್ವಾಸಕೋಶ ಕೆಡುತ್ತದೆ. ಕಾಯಿಲೆ ಬಂದವರಲ್ಲಿ ಸುಮಾರು ಮೂವರಿಗೆ ಒಬ್ಬರು ಉಳಿಯುವುದಿಲ್ಲ. ಇದಕ್ಕೆಂದೇ ಮದ್ದಿಲ್ಲ, ಲಸಿಕೆಯಿಲ್ಲ. ಡಾಕ್ಟರುಗಳಿಗೆ ಇದು ಮೂವತ್ತು ವರ್ಷಕ್ಕೂ ಮಿಕ್ಕಿ ಗೊತ್ತು. ನಿಮಗೂ ಗೊತ್ತು. ಗೊತ್ತಿಲ್ಲದಿದ್ದದ್ದು ನಮಗೆ ಮಾತ್ರ, ಏಕೆಂದರೆ ನಾವು ನಿಮ್ಮ ಶಾಲೆಯಲ್ಲಿ ಕಲಿತವರು.

ಈಸ್ಟರ್‌ಗೆ ಮುಂಚಿನ ವಾರದ ಕತೆ ಹೇಳುತ್ತೇನೆ, ಕೇಳಿ. ಕಡಲು ದಾಟಿ ಈ ಬಯಲಿಗೆ ಬಂದ ನಮ್ಮ ಅಜ್ಜಂದಿರು ಹೊಲದ ಕಲ್ಲು ಹೊತ್ತು ಕಟ್ಟಿದ ಆ ಭವನ ಈಗ ಕೌಂಟಿಯ ಸ್ವತ್ತು. ಚಳಿಗಾಲದಲ್ಲಿ ಉರುವಲು ದಂಡವೆಂದು ಬೀಗ ಹಾಕಿಸುತ್ತೀರಿ. ವಸಂತದಲ್ಲಿ ಬಾಗಿಲು ತೆಗೆದು, ಗುಡಿಸಿ ಸಾರಿಸಿ, ಹಬ್ಬದೂಟಕ್ಕೆ ಸಜ್ಜು ಮಾಡುವುದು ನಾವು, ಇಗರ್ಜಿಯ ಹೆಂಗಸರು. ಈ ಸಲ ನಾನು ಅಡುಗೆಮನೆಯಲ್ಲಿ ಪೆರೋಗಿಗೆ, ಅದೇ ನಮ್ಮ ಆಲೂಗಡ್ಡೆ ಕಡುಬಿಗೆ, ಹಿಟ್ಟು ನಾದುತ್ತಿದ್ದೆ. ಸ್ಲಾವ್ಕಾ ದೊಡ್ಡ ಹಜಾರದಲ್ಲಿ ಚಮಚದ ಡ್ರಾಯರ್ ಎಳೆದವಳು ಅಲ್ಲಿಂದಲೇ ಕೂಗಿದಳು.

"ಅಕ್ಕಾ, ಬಾರೇ ಇಲ್ಲಿ! ನಮಗಿಂತ ಮುಂಚೆ ಯಾರೋ ಹಬ್ಬದೂಟ ಮುಗಿಸ್ಕೊಂಡು ಹೋಗಿದಾರೆ."

ಹೋಗಿ ನೋಡಿದರೆ ಡ್ರಾಯರ್ ತುಂಬ ಹಿಕ್ಕೆ. ರಂಗಮಂಚದ ಪರದೆಯ ಮಡಿಕೆಯಲ್ಲಿ ಹತ್ತಿ, ಹುಲ್ಲು, ಕಾಗದ ಸೇರಿಸಿ ಕಟ್ಟಿದ ಗೂಡು ಬೇರೆ.

"ಹೆಗ್ಗಣದ್ದೇನೇ?" ಎಂದೆ.

"ನಂಗೇನ್ ಗೊತ್ತು, ಹೆಸರು ಬರ್ದಿಟ್ಟು ಹೋಗಿಲ್ವಲ್ಲ! ಅಕ್ಕಿಕಾಳಿಗಿಂತ ಒಂಚೂರು ದಪ್ಪ ಕಾಣತ್ತೆ. ಆಫೀಸಿಗೆ ಫೋನ್ ಮಾಡ್ಬಿಡೋಣ ಕಣೇ. ಆಮೇಲೆ ಬೆರೆಝಾದವ್ರಿಂದ ಕೌಂಟಿ ಮಾನ ಹೋಯ್ತು ಅಂದಾರು."

ಗಮನಿಸಿ, ಮಾನ್ಯರೇ. ಅವಳಿಗೆ ತನ್ನ ಜೀವದ ಚಿಂತೆಯಿರಲಿಲ್ಲ, ನಿಮ್ಮ ಫಲಕದ ಚಿಂತೆಯಿತ್ತು.

ನಿಮ್ಮ ಇನ್‌ಸ್ಪೆಕ್ಟರ್ ಬಂದ ವೇಗಕ್ಕೆ ಆಂಬುಲೆನ್ಸ್ ನಾಚಬೇಕು. ಟ್ರಕ್ಕಿನ ಮೇಲೆ ದೀಪ ತಿರುಗುತ್ತಿತ್ತು. "ಯಾರೂ ಏನೂ ಮುಟ್ಬೇಡಿ" ಎಂದು ಗದರಿಸುತ್ತ ಒಳಗೆ ಬಂದ. ಮಂಡಿಯೂರಿದ, ಟಾರ್ಚ್ ಹಾಕಿದ, ಅಳತೆಪಟ್ಟಿ ಇಟ್ಟ. ಆಮೇಲೆ ಗೋಡೆಗೊರಗಿ ಕೂತು ನಕ್ಕೇ ನಕ್ಕ.

"ಅಯ್ಯೋ, ಇಲಿ ಅಮ್ಮಾ! ಬರೀ ಇಲಿ! ನನ್ನೆದೆ ಧಸಕ್ ಅಂದಿತ್ತು ನೋಡಿ."

"ನಂದೂ ಅಷ್ಟೇ ಕಣಪ್ಪಾ," ಎಂದಳು ಸ್ಲಾವ್ಕಾ. "ಸದ್ಯ, ದೇವರು ದೊಡ್ಡವನು. ಈಗ ಇದನ್ನ ಏನ್ ಮಾಡ್ಬೇಕು?"

"ಮಾಡಕ್ಕೇನಿದೆ? ಒಂದ್ ಪೊರಕೆ ತಗೊಂಡು ಗುಡಿಸಿ ಆಚೆ ಹಾಕಿ. ನಾಲ್ಕು ಬೋನು ಇಡಿ. ಅಷ್ಟೇ."

ಅಷ್ಟು ದೂರದಿಂದ ಬಂದ ಹುಡುಗ ಹಸಿದಿರುತ್ತಾನೆಂದು ಸ್ಲಾವ್ಕಾ ಅವನಿಗೆ ಒಂದು ತಟ್ಟೆ ಪೆರೋಗಿ ಕೊಟ್ಟಳು, ಮೇಲೆ ಹುರಿದ ಈರುಳ್ಳಿ ಸುರಿದು. ಅವನು ತಿಂದು, ತಟ್ಟೆಯನ್ನು ತಾನೇ ತೊಳೆದಿಟ್ಟು ಹೋದ. ಅವನ ಮೇಲೆ ನನಗೆ ಸಿಟ್ಟಿಲ್ಲ. ನೀವು ಕಲಿಸಿದ್ದನ್ನು ಅವನು ಹೇಳಿದ. ಅವನಿಗೂ ಹೆಗ್ಗಣದ ಬಾಲದ ಅಳತೆ ಕಲಿಸಿ, ಇಲಿಯ ಧೂಳಿನ ವಿಷಯ ಹೇಳದೆ ಬಿಟ್ಟದ್ದು ನೀವು.

ಸ್ಲಾವ್ಕಾ ಪೊರಕೆ ಹಿಡಿದಳು. ಕಿಟಕಿಗಳಿನ್ನೂ ಚಳಿಗೆ ಮುಚ್ಚಿದ್ದವು. ಪರದೆ ಕೊಡವಿದಳು, ಡ್ರಾಯರ್ ಬೋರಲು ಹಾಕಿದಳು, ರಂಗಮಂಚದ ಅಡಿಗೆ ತೂರಿ ಮೂಲೆಮೂಲೆ ಗುಡಿಸಿದಳು. ಧೂಳಿಗೆ ಸೀನುತ್ತಿದ್ದಳು. ಸೀನಿದಾಗಲೆಲ್ಲ ನಾನು ಅಡುಗೆಮನೆಯಿಂದ "ನೂರು ವರ್ಷ ಬಾಳೇ" ಎನ್ನುತ್ತಿದ್ದೆ. "ಅಷ್ಟು ದಿನ ನಿನ್ ಜೊತೆ ಏಗೋಕಾಗಲ್ಲ, ಕಮ್ಮಿ ಮಾಡ್ಕೋ" ಎಂದು ಅವಳು ಅಲ್ಲಿಂದ ನಗುತ್ತಿದ್ದಳು.

ಹಬ್ಬ ಚೆನ್ನಾಗಿ ಆಯಿತು. ಆಲೂಗಡ್ಡೆ ಬಿತ್ತುವ ಹೊತ್ತಿಗೆ ಅವಳಿಗೆ ಜ್ವರ ಬಂತು. ಬೆನ್ನು, ತೊಡೆ ಯಾರೋ ಒನಕೆಯಲ್ಲಿ ಕುಟ್ಟಿದ ಹಾಗೆ ನೋಯುತ್ತಿದೆ ಎಂದಳು. ಊರ ಚಿಕಿತ್ಸಾಲಯದಲ್ಲಿ ಫ್ಲೂ ಎಂದು ಮಾತ್ರೆ ಕೊಟ್ಟು ಕಳಿಸಿದರು. ಇಲಿ ಇತ್ತೇ ಎಂದು ಅಲ್ಲಿ ಯಾರೂ ಕೇಳಲಿಲ್ಲ. ಕೇಳಬೇಕೆಂದು ಅವರಿಗೂ ಯಾರೂ ಹೇಳಿರಲಿಲ್ಲ. ಎರಡು ದಿನ ಕಳೆಯುವುದರೊಳಗೆ ಉಸಿರು ಸಿಗದಾಯಿತು. ಅವಳ ಗಂಡ ಪ್ರೊಕಿಪ್ ಅವಳನ್ನು ಎತ್ತಿಕೊಂಡು ಟ್ರಕ್ಕಿಗೆ ಹತ್ತಿಸಿದ. ಕರುವನ್ನೂ ಒಬ್ಬನೇ ಎತ್ತಲಾರೆ ಎನ್ನುವ ವಯಸ್ಸು ಅವನದು.

ನಗರದ ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಎದೆಯ ಚಿತ್ರ ನೋಡಿ ಹಾಸಿಗೆಯ ಪಕ್ಕ ಕೂತರು. "ಅಮ್ಮಾ, ಈಚೆಗೆ ಎಲ್ಲಾದ್ರೂ ಬಾಗ್ಲು ಹಾಕಿಟ್ಟಿದ್ದ ಜಾಗ ಗುಡಿಸಿದ್ರಾ? ಕೊಟ್ಟಿಗೆ, ಕಣಜ, ಇಲಿ ಇರೋ ಅಂಥದ್ದು?"

ಸ್ಲಾವ್ಕಾ ಆಮ್ಲಜನಕದ ಮುಖವಾಡ ಸರಿಸಿದಳು. ಒಂದೊಂದು ಮಾತಿಗೂ ಏದುಸಿರು ಬಿಡುತ್ತ ಹೇಳಿದಳು: "ಗುಡಿಸಿದೆ ಡಾಕ್ಟ್ರೇ. ಆದ್ರೆ ಹೆಗ್ಗಣ ಇರ್ಲಿಲ್ಲ. ಇನ್‌ಸ್ಪೆಕ್ಟ್ರೇ ಬಂದು ನೋಡ್ಕೊಂಡು ಹೋದ್ರು."

ಡಾಕ್ಟರಮ್ಮ ಕಣ್ಣು ಮುಚ್ಚಿಕೊಂಡರು. ನನ್ನ ತಂಗಿ ಆಡಿದ್ದರಲ್ಲಿ ನನ್ನ ಕಿವಿಗೆ ಬಿದ್ದ ಕೊನೆಯ ಮಾತು ಅದು. ಪ್ರೊಕಿಪ್‌ನ ಹೆಸರಲ್ಲ, ಮಕ್ಕಳ ಹೆಸರಲ್ಲ, ದೇವರ ಹೆಸರೂ ಅಲ್ಲ. ಸಾಯುವ ಹೊತ್ತಿನಲ್ಲೂ ಅವಳು ನಿಮ್ಮ ಇಲಾಖೆಯ ಪರವಾಗಿ ಸಾಕ್ಷಿ ಹೇಳಿದಳು. ಇಂಥ ನಿಷ್ಠೆಗೆ ನಿಮ್ಮ ಉತ್ಸವದಲ್ಲಿ ಪದಕವಿದೆಯೇ?

ಮಣ್ಣುಮಾಡಿ ಬಂದು, ಗೋಧಿ-ಜೇನು ಕಲಸಿದ ಪ್ರಸಾದ ಹಂಚಿದ ಮೇಲೆ ನಿಮ್ಮ ಕಚೇರಿಗೆ ಫೋನ್ ಮಾಡಿದೆ. "ಇಲಿ ನಮಗೆ ಬರಲ್ಲ ಮೇಡಂ, ನಮ್ದು ಹೆಗ್ಗಣ ಮಾತ್ರ" ಎಂದಳು ನಿಮ್ಮ ಹುಡುಗಿ. ಹಾಗಾದರೆ ಇಲಿ ಯಾರಿಗೆ ಬರುತ್ತದಮ್ಮ ಎಂದರೆ ಆರೋಗ್ಯ ಇಲಾಖೆಯ ಕಡೆ ತೋರಿಸಿದಳು. ಅಲ್ಲಿಯವನು ಇನ್ನೂ ಬುದ್ಧಿವಂತ. "ಕಾಯ್ಲೆ ಬಂದ್ಮೇಲೆ ನಮ್ದು ಅಮ್ಮಾ. ಬರೋಕ್ ಮುಂಚೆ ಅದು ಪ್ರಾಣಿ. ಪ್ರಾಣಿ ಅಂದ್ರೆ ಪೀಡೆ ನಿಯಂತ್ರಣದವ್ರು." ಅಂದರೆ ಇಲಿ ಭವನದಲ್ಲಿರುವಾಗ ನಿಮ್ಮದು, ತಂಗಿಯ ಎದೆಯೊಳಗೆ ಹೋದ ಮೇಲೆ ಅವರದು. ನಡುವೆ ಪೊರಕೆ ಹಿಡಿದು ನಿಂತಿದ್ದಳಲ್ಲ, ಅವಳು ಯಾರಿಗೆ ಸೇರಿದವಳು?

ಕೊನೆಗೆ ಕೌಂಟಿ ಸಭೆಯಲ್ಲಿ ನಿಮ್ಮನ್ನೇ ಕೇಳಿದೆ. ಎದ್ದು ನಿಂತು, ಕೈಕಟ್ಟಿಕೊಂಡು, ತಗ್ಗಿದ ದನಿಯಲ್ಲಿ ನೀವು ಹೇಳಿದ್ದು ನನಗೆ ಬಾಯಿಪಾಠವಾಗಿದೆ: "ಅತ್ಯಂತ ದುಃಖದ ಸಂಗತಿ. ಆದರೆ ಈ ಪ್ರಕರಣಕ್ಕೂ ಹೆಗ್ಗಣಕ್ಕೂ ಯಾವುದೇ ಸಂಬಂಧವಿಲ್ಲವೆಂದು ಸ್ಪಷ್ಟಪಡಿಸುತ್ತೇನೆ." ನಿಮ್ಮ ಮುಖದಲ್ಲಿ ನೆಮ್ಮದಿ ಇತ್ತು. ಕಾಯಿಲೆಯ ಹೆಸರನ್ನು ನೀವು ಆಗಲೂ ಹೇಳಲಿಲ್ಲ, ಕೌಂಟಿಯ ಪ್ರಕಟಣೆಯಲ್ಲೂ ಬರೆಯಲಿಲ್ಲ. 'ಉಸಿರಾಟದ ತೊಂದರೆ' ಎಂದಿರಿ. ನೀರಿನಲ್ಲಿ ಮುಳುಗಿದವನಿಗೂ ಉಸಿರಾಟದ ತೊಂದರೆಯೇ ಅಲ್ಲವೇ ಸ್ವಾಮಿ, ನೇಣು ಹಾಕಿಕೊಂಡವನಿಗೂ?

ಯಾಕೆ ಹೇಳುವುದಿಲ್ಲ ಎಂದು ನಾನೇ ಹೇಳಲೇ? ಇಲಿ ನಿಮಗೆ ಸೋಲು. ಹೆಗ್ಗಣವನ್ನು ಗಡಿಯಲ್ಲಿ ತಡೆದು ಫಲಕ ಹಾಕಬಹುದು. ಇಲಿಯನ್ನು ತಡೆಯಲಾಗದು, ಅದು ಈ ಬಯಲಿನದೇ, ನಮ್ಮ ಅಜ್ಜಂದಿರು ಬರುವ ಮುಂಚಿನಿಂದ ಇಲ್ಲೇ ಇದೆ. ಅದನ್ನು ಗೆಲ್ಲಲಾಗುವುದಿಲ್ಲ, ಅದರೊಂದಿಗೆ ಹುಷಾರಾಗಿ ಬದುಕಬೇಕು ಅಷ್ಟೇ. ಹುಷಾರಿಗೆ ಯಾರೂ ಉತ್ಸವ ಮಾಡುವುದಿಲ್ಲ, ಕೇಕು ಕತ್ತರಿಸುವುದಿಲ್ಲ. ಹೆಗ್ಗಣ ವಿಷಮಜ್ವರ ತರುತ್ತದೆ, ಕಾಮಾಲೆ ತರುತ್ತದೆ ಎಂದು ನಮ್ಮನ್ನು ಹೆದರಿಸಿದ ನೀವು, ನಮ್ಮ ಚಮಚದ ಡ್ರಾಯರಿನಲ್ಲೇ ಸಂಸಾರ ಹೂಡಿದ ಇಲಿಯ ಬಗ್ಗೆ ಬಾಯಿ ಬಿಡಲಿಲ್ಲ. ಊರವರ ಎಲೆಯ ನೊಣ ಎಣಿಸುವವರಿಗೆ ತಮ್ಮ ಎಲೆಯ ಹೆಗ್ಗಣ ಕಾಣದು ಎಂಬ ಗಾದೆಯುಂಟು. ನಿಮ್ಮ ವಿಷಯದಲ್ಲಿ ಗಾದೆಯನ್ನೇ ತಿದ್ದಬೇಕು: ನಿಮಗೆ ಹೆಗ್ಗಣವಲ್ಲದೆ ಬೇರೇನೂ ಕಾಣದು.

ಹೇಳಬೇಕಾದದ್ದು ಎಷ್ಟು ಮಹಾ ಇತ್ತು? ಬಾಗಿಲು ಕಿಟಕಿ ತೆಗೆದು ಅರ್ಧ ಗಂಟೆ ಹೊರಗಿರಿ. ಒಣಪೊರಕೆ ಮುಟ್ಟಬೇಡಿ. ಕೈಗವಸು ಹಾಕಿಕೊಂಡು, ಬ್ಲೀಚ್ ಬೆರೆಸಿದ ನೀರನ್ನು ಹಿಕ್ಕೆಯ ಮೇಲೆ ಚೆನ್ನಾಗಿ ಸಿಂಪಡಿಸಿ, ನೆನೆದ ಮೇಲೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಗುಡಿಸಿದ ಮೇಲೆ ಜ್ವರ ಬಂದರೆ ಇಲಿಯ ವಿಷಯ ಡಾಕ್ಟರಿಗೆ ಮೊದಲು ಹೇಳಿ. ಇಷ್ಟನ್ನು ಆ ಫಲಕದ ಹಿಂಬದಿಯಲ್ಲಿ ಬರೆಸಿದ್ದರೂ ಸಾಕಿತ್ತು. ಬಕೆಟ್ಟು ನಮ್ಮಲ್ಲಿತ್ತು. ಬ್ಲೀಚ್ ಅಡುಗೆಮನೆಯ ಕಪಾಟಿನಲ್ಲಿ, ಅವಳ ಕೈಗೆಟಕುವಷ್ಟು ಹತ್ತಿರ ಇತ್ತು.

ಮೊನ್ನೆ ಪ್ರೊಕಿಪ್‌ನ ಮನೆಗೆ ಹೋಗಿದ್ದೆ. ಸ್ಲಾವ್ಕಾಳ ಮೊಮ್ಮಗಳು ಲಿಲ್ಯಾ ಹಿತ್ತಿಲ ಬಾಗಿಲಲ್ಲಿ ಅಜ್ಜಿಯ ಪೊರಕೆಗೆ ಕೆಂಪು ರಿಬ್ಬನ್ ಸುತ್ತುತ್ತಿದ್ದಳು. ಅವಳು ಐದನೇ ತರಗತಿ.

"ಏನೇ ಪುಟ್ಟಿ ಇದು?"

"ಶುಕ್ರವಾರ ಭವನ ಗುಡಿಸಕ್ಕೆ ಹೋಗ್ಬೇಕಲ್ಲ ದೊಡ್ಡಜ್ಜಿ. ಎಲ್ಲಾರೂ ಮನೆಯಿಂದ ಪೊರಕೆ ತರ್ಬೇಕಂತೆ. ನಂಗೆ ರಂಗಮಂಚದ ಕೆಳಗೆ ಕೊಟ್ಟಿದಾರೆ, ನಾನೇ ಎಲ್ಲರಿಗಿಂತ ಕುಳ್ಳಿ ಅಂತ."

ಪ್ರೊಕಿಪ್ ಆ ಪೊರಕೆಯನ್ನು ಅವಳ ಕೈಯಿಂದ ಕಿತ್ತುಕೊಂಡು ಒಲೆಗೆ ತುರುಕಿದ. ಹುಡುಗಿ ಅತ್ತಳು. ಅವನೂ ಅತ್ತ. ನಾನು ಅಳಲಿಲ್ಲ, ಮನೆಗೆ ಬಂದು ಈ ಪತ್ರಕ್ಕೆ ಕೂತೆ.

ಶಾಲೆಯವರನ್ನು ಕೇಳಿದರೆ ಅಪ್ಪಣೆ ನಿಮ್ಮ ಇಲಾಖೆಯದು ಎನ್ನುತ್ತಾರೆ. ಆದ್ದರಿಂದ ನಿಮ್ಮಲ್ಲೇ ಕೇಳುತ್ತೇನೆ, ವಿನಂತಿಯೆಂದು ತಿಳಿಯಬೇಡಿ. ಶುಕ್ರವಾರದ ಮಕ್ಕಳ ಕೆಲಸ ರದ್ದಾಗಬೇಕು. ಭವನವನ್ನು ನಿಮ್ಮ ಜನ, ತಕ್ಕ ಮುಖವಾಡ ಹಾಕಿಕೊಂಡು, ನೀರು ಹಾಕಿ ತೊಳೆಯಬೇಕು. ಈ ಕಾಯಿಲೆಯ ಹೆಸರು, ಅದು ಬರುವ ಬಗೆ, ತಪ್ಪಿಸಿಕೊಳ್ಳುವ ಬಗೆ ಕೌಂಟಿಯ ಪ್ರತಿ ಮನೆಗೂ ಮುಟ್ಟಬೇಕು. ನಿಮ್ಮ ಉತ್ಸವ ಆಮೇಲೆ. ನಾನೇ ಪೆರೋಗಿ ಮಾಡಿಕೊಡುತ್ತೇನೆ.

ಆಗುವುದಿಲ್ಲವೆಂದರೆ ಕೇಳಿ. ಭವನದ ಬಾಗಿಲಿಗೆ ನಿನ್ನೆ ನಾನು ಬೇರೆ ಬೀಗ ಹಾಕಿದ್ದೇನೆ. ಸರ್ಕಾರಿ ಸ್ವತ್ತಿಗೆ ಹಾಗೆ ಬೀಗ ಜಡಿಯುವುದು ಅಪರಾಧವೆಂದು ಗೊತ್ತು. ಶುಕ್ರವಾರ ಬೆಳಿಗ್ಗೆ ಆ ಮೆಟ್ಟಿಲ ಮೇಲೆ ಕೂತಿರುತ್ತೇನೆ. ಮಕ್ಕಳು ಬಂದರೆ ಹೊರಗೆ ಬಿಸಿಲಲ್ಲಿ ಕೂರಿಸಿ ಹೊಟ್ಟೆ ತುಂಬ ಊಟ ಹಾಕಿ ಕಳಿಸುತ್ತೇನೆ. ಒಳಗೆ ಒಂದು ಮಗುವನ್ನೂ ಬಿಡುವುದಿಲ್ಲ. ನೀವು ಪೊಲೀಸರನ್ನು ಕರೆಸಿ. ನನ್ನನ್ನು ಎಳೆದುಕೊಂಡು ಹೋಗಲಿ. ಮಕ್ಕಳು ನೋಡುತ್ತಿರುತ್ತಾರೆ, ಈ ಮುದುಕಿ ಯಾಕೆ ಬಾಗಿಲಿಗೆ ಅಡ್ಡ ಕೂತಿದ್ದಾಳೆ ಎಂದು ಅವರಲ್ಲೊಬ್ಬರು ಕೇಳಿಯೇ ಕೇಳುತ್ತಾರೆ. ಆಗ ಉತ್ತರ ನೀವು ಕೊಡಬೇಕಾಗುತ್ತದೆ. ಹಾಗಾದರೂ ಆ ಕಾಯಿಲೆಯ ಹೆಸರು ನಿಮ್ಮ ಬಾಯಿಂದ ಬರಲಿ.

ಇಂತಿ,
ಹುಟ್ಟಿದಂದಿನಿಂದ ಒಂದೇ ಒಂದು ಹೆಗ್ಗಣವನ್ನೂ ತನ್ನೂರಲ್ಲಿ ಕಾಣದ,
ಇದ್ದೊಬ್ಬ ತಂಗಿಯನ್ನೂ ಇನ್ನು ಕಾಣದ,
ಒದಾರ್ಕಾ ಹ್ನಾಟ್ಯುಕ್
ಬೆರೆಝಾ