ನಮ್ಮ ಗಾಡಿ ಹತ್ತಿದವರು ಸಾಯುವುದಿಲ್ಲ

ಏಪ್ರಿಲ್ ೧೧
ನಾನು ಕಿಮ್‌ಲಂಗ್. ಅಪಘಾತದಲ್ಲಿ ಬಿದ್ದವರನ್ನು ಆಸ್ಪತ್ರೆಗೆ ಸಾಗಿಸುವ ಈ ಊರಿನ ರಕ್ಷಣಾ ಮಂಡಳಿಯ ಅಧ್ಯಕ್ಷೆ. ಕಟ್ಟಿದ್ದು ಗಂಡ, ಅವರು ಹೋದ ಮೇಲೆ ನಡೆಸುತ್ತಿರುವವಳು ನಾನು. ಓದಿದ್ದು ಹೈಸ್ಕೂಲು. ಗವರ್ನರ್ ಬಂದರೂ ಕುರ್ಚಿ ಬಿಟ್ಟು ಎದ್ದವಳಲ್ಲ.

ಹೊಸವರ್ಷದ ನೀರಾಟ ನಾಳಿದ್ದು. ಕುಡಿದು ಓಡಿಸುವವರಿಂದ ಹೆದ್ದಾರಿಯಲ್ಲಿ ರಕ್ತ ಹರಿಯುವ ವಾರ. ಆಂಬುಲೆನ್ಸ್‌ಗಳಿಗೆ ಮಲ್ಲಿಗೆ ಹಾರ ಹಾಕಿಸಿದೆ. ಸ್ಟ್ರೆಚರ್ ತೊಳೆಸಿದೆ. ಪೇಟೆಯಲ್ಲಿ ಒಂದೇ ಮಾತು — ಕಿಮ್‌ಲಂಗ್ ಅಮ್ಮನ ಗಾಡಿ ಹತ್ತಿದವರು ಸಾಯುವುದಿಲ್ಲವಂತೆ. ತಂಡದ ಮುಖಂಡ ನನ್ನ ಮಗ ವಿರತ್. ಹಿಗ್ಗುತ್ತಾನೆ. ನಾನೇನು ಕಡಿಮೆ ಹಿಗ್ಗಿಲ್ಲ.

ಏಪ್ರಿಲ್ ೧೨
ಹೊಳೆಯಾಚೆ ಮಂಡಳಿಯ ಡ್ರೈವರ್ ಚಮ್ನಾನ್ ಪೆಟ್ರೋಲ್ ಬಂಕಿನಲ್ಲಿ ಸಿಕ್ಕಿದ. ಕೈ ಮುಗಿದ. ನಗು ಮಾತ್ರ ಸರಿಯಿರಲಿಲ್ಲ.

"ಏನಮ್ಮಾ, ನಿಮ್ಮ ಗಾಡಿ ಘಮಘಮ ಅಂತಿದೆ! ನಮ್ಮದು ಎಷ್ಟು ತೊಳೆದ್ರೂ ವಾಸನೆ ಹೋಗಲ್ಲ."

"ತೊಳೆಯೋಕೂ ಬರಬೇಕಪ್ಪಾ."

"ತೊಳೆಯೋಕೆ ಬರುತ್ತೆ ತಾಯಿ. ಆರಿಸ್ಕೊಳ್ಳೋಕೆ ಬರಲ್ಲ."

ಏನನ್ನು ಆರಿಸಿಕೊಳ್ಳುವುದು? ಹೊಟ್ಟೆಕಿಚ್ಚಿನ ಮಾತು… ಆದರೂ ಊಟ ಸೇರಲಿಲ್ಲ.

ಏಪ್ರಿಲ್ ೧೩
ತುರ್ತು ವಿಭಾಗದವರಿಗೆ ಕಲ್ಲಂಗಡಿ ಕೊಡುವ ನೆಪದಲ್ಲಿ ಆಸ್ಪತ್ರೆಗೆ ಹೋದೆ. ಚಮ್ನಾನ್ ಮಾತಿನ ಅರ್ಥವೇನೆಂದು ಡಾಕ್ಟರ್ ಓರತೈಯನ್ನು ನೇರವಾಗಿಯೇ ಕೇಳಿದೆ. ಆಕೆ ಬಾಗಿಲು ಮುಂದೆ ಮಾಡಿದಳು.

"ದೊಡ್ಡ ಅಪಘಾತ ಆದಾಗೆಲ್ಲ ನಿಮ್ಮವರೇ ಮೊದಲು ಬರ್ತಾರೆ ಅಮ್ಮಾ. ತರೋದು ಮಾತ್ರ ಕಿರುಚೋರನ್ನ. ಕೈ ಮುರಿದವರು, ಹಣೆ ಒಡೆದವರು. ಹಾಸಿಗೆ ಅವರಿಂದಲೇ ತುಂಬಿಹೋಗುತ್ತೆ. ಸದ್ದಿಲ್ಲದೆ ಬಿದ್ದಿರೋರು ಕೊನೇಲಿ ಬರ್ತಾರೆ, ಆಚೆಯವರ ಗಾಡೀಲಿ. ಸಾಯೋರು ಅವರೇ."

ಗದ್ದಲದಲ್ಲಿ ಕೂಗುವವನೇ ಮೊದಲು ಕಣ್ಣಿಗೆ ಬೀಳುತ್ತಾನೆ, ನಿಜ. ಪ್ರತಿ ಸಲವೂ?

ಸಂಜೆ ವಿರತ್‌ನನ್ನು ಕೇಳಿದೆ. "ಯಾರಮ್ಮಾ ನಿನ್ನ ಕಿವಿ ಕಚ್ಚಿದ್ದು? ಆ ಚಮ್ನಾನಾ?" ಅಂದ. ಗಂಜಿ ಬಟ್ಟಲಿನಿಂದ ಕಣ್ಣು ಎತ್ತಲಿಲ್ಲ.

ನಾಳೆ ನಾನೂ ಗಾಡಿಯಲ್ಲಿ ಕೂರುತ್ತೇನೆ.

ಏಪ್ರಿಲ್ ೧೬
ಎರಡು ದಿನ ಪೆನ್ನು ಹಿಡಿಯಲಾಗಲಿಲ್ಲ.

ಮೊನ್ನೆ ನೀರಾಟದವರು ತುಂಬಿದ್ದ ಪಿಕಪ್‌ಗೆ ವ್ಯಾನು ಗುದ್ದಿತ್ತು. ರಸ್ತೆ ತುಂಬ ಜನ, ಬಕೆಟ್ಟು, ಚಪ್ಪಲಿ. ನಾವೇ ಮೊದಲು. ಮಣಿಕಟ್ಟು ಮುರಿದು ಬೊಬ್ಬೆ ಹೊಡೆಯುತ್ತಿದ್ದವನೊಬ್ಬನನ್ನು ವಿರತ್ ಹೊತ್ತು ತಂದ. ಚರಂಡಿ ಪಕ್ಕ ಹುಡುಗಿಯೊಬ್ಬಳು ಬಿದ್ದಿದ್ದಳು. ಗಾಯ ಕಾಣಲಿಲ್ಲ. ತುಟಿ ಬಿಳಿಚಿತ್ತು. ಅವಳನ್ನು ದಾಟಿಕೊಂಡೇ ಬಂದ. ನೋಡಿಯೇ ದಾಟಿದ.

"ಅವಳನ್ನ ಎತ್ತೋ!"

"ಅಮ್ಮಾ, ಅವಳು ದಾರೀಲೇ ಹೋಗ್ತಾಳೆ. ಗಾಡಿಗೆ ಪ್ರೇತ ಹತ್ಕೊಳ್ಳುತ್ತೆ. ಆಮೇಲೆ ನಮ್ಮವರು ಯಾರೂ ಒಳಗೆ ಕೂರಲ್ಲ. ಆಚೆಯವರು ಬರ್ತಾರೆ, ಬಿಡು."

ತಂಡದವರ ಮುಖ ನೋಡಿದೆ. ಯಾರಿಗೂ ಇದು ಹೊಸದಲ್ಲ. ಹೊಸದು ನನಗೊಬ್ಬಳಿಗೇ.

ಮಣಿಕಟ್ಟಿನವನಿಗೆ ಹೇಳಿದೆ: "ಇಳಿಯಪ್ಪಾ. ನಿನ್ನ ಕಾಲು ನೆಟ್ಟಗಿದೆ." ಅವನು ಬೈದ. ಇಳಿಯಲಿಲ್ಲ. ವಿರತ್ ವಾದಕ್ಕೆ ನಿಂತ. ಕೊನೆಗೆ ನಾನೇ ಹುಡುಗಿಯ ಕಂಕುಳಿಗೆ ಕೈ ಹಾಕಿದಾಗ ತಂಡದ ಇಬ್ಬರು ಓಡಿ ಬಂದು ಅವಳನ್ನು ಗಾಡಿಗೆ ಹಾಕಿದರು.

ಆಸ್ಪತ್ರೆಯ ಗೇಟಿನಲ್ಲಿ ಉಸಿರು ನಿಂತಿತು. ನನ್ನ ತೊಡೆಯ ಮೇಲೆ. ಹೊಟ್ಟೆಯೊಳಗೆ ರಕ್ತ ಸೋರಿ ತುಂಬಿತ್ತಂತೆ. ಡಾಕ್ಟರ್ ಕೈಗವಸು ಬಿಚ್ಚುತ್ತಾ, "ಮೊದಲೇ ತಂದಿದ್ರೆ ಉಳಿಸ್ತಿದ್ದೆ" ಅಂದಳು.

ವಿರತ್ ಹಿಂದೆಯೇ ನಿಂತಿದ್ದ. "ನಾನು ಹೇಳಿರ್ಲಿಲ್ವಾ?"

ಅದೊಂದು ಮಾತು ಕಿವಿಯಿಂದ ಹೋಗುತ್ತಿಲ್ಲ.

ಏಪ್ರಿಲ್ ೧೭, ಮಧ್ಯಾಹ್ನ
ಆಯಿತು. ಬೆಳಿಗ್ಗೆ ಎಲ್ಲರೆದುರೇ ವಿರತ್‌ನ ವಾಕಿಟಾಕಿ ತೆಗೆದುಕೊಂಡೆ. ಚಮ್ನಾನ್‌ನನ್ನು ಕರೆಸಿ ಅವನ ಕೈಗೆ ಕೊಟ್ಟೆ. ಇನ್ನು ಅಪಘಾತದ ಜಾಗದಲ್ಲಿ ಎರಡೂ ಮಂಡಳಿಗೆ ಅವನ ಮಾತೇ ನಡೆಯಬೇಕು; ಹೊಳೆಯಾಚೆಯವರೂ ಒಪ್ಪಿದ್ದಾರೆ. ಮೊದಲು ಉಸಿರು ನೋಡುವುದು, ಆಮೇಲೆ ಹೊರುವುದು. ಸದ್ದಿಲ್ಲದವರು ಮುಂಚೆ.

"ಮಗನನ್ನೇ ಇಳಿಸಿದ್ರಿ ತಾಯಿ. ನಾಳೆ ನನ್ನ ಗತಿ?"

"ನಿನ್ನ ಮೇಲೂ ಕಣ್ಣಿಟ್ಟಿರ್ತೀನಿ."

ವಿರತ್ ಬಾಗಿಲಲ್ಲಿ ಅಡ್ಡ ನಿಂತ. "ಹೊರಗಿನವನಿಗೆ ಕೊಟ್ಟೆಯಲ್ಲಮ್ಮಾ. ನಾನು ನಿನ್ನ ಮಗ."

ಗೊತ್ತು, ಅಂದೆ. ದಾರಿಯಿಂದ ಸರಿ ಅಂತಲೂ ಅಂದೆ. ಸರಿದ.

ಈಗ ಹೆದ್ದಾರಿ ಕಡೆ ಸೈರನ್. ಗಾಡಿ ಹೊರಟಿದೆ. ಮೊದಲ ಸಲ, ಅವನಿಲ್ಲದೆ…