ಉತ್ತರ ಬೆನ್ನ ಹಿಂದ ಇತ್ತು

ಶಹಾಪುರ, ೧೨-೨-೧೯೫೮

ಸುಗಲಕ್ಕಾ, ನಿನ್ನ ತಮ್ಮನ ಶರಣು.

ಮೈಸೂರು ರಾಜ್ಯಕ್ಕ ಸೇರಿದ ಮ್ಯಾಲ ನಮ್ಮಂಥ ಸಾಲಿ ಮಾಸ್ತರಗೋಳಿಗೆ ಇಲ್ಲಿ ಭೂಗೋಳದ ತರಬೇತಿ ನಡದದ. ಊಟ, ಬಸ್ ಚಾರ್ಜು ಸರಕಾರದ್ದು. ಇವತ್ತು ಕಲಿಸೋ ಸಾಹೇಬ್ರು ಗೋಡಿಗೆ ನಕಾಶಿ ತೂಗುಹಾಕಿ, "ಉತ್ತರ ಯಾವ ಕಡೆ? ಕೈ ಮಾಡಿ ತೋರಿಸಿ" ಅಂದ್ರು. ನಲವತ್ತು ಮಂದಿ ಮಾಸ್ತರು ಛತ್ತಿನ ಕಡೆ ಕೈ ಎತ್ತಿದ್ವಿ. ಸಾಹೇಬ್ರು ನಗಲಿಲ್ಲ. ನಕಾಶಿ ಇಳಿಸಿ, ದಿಕ್ಕಿಗೆ ಸರಿಯಾಗಿ ತಿರುವಿ, ನೆಲದ ಮ್ಯಾಲ ಹಾಸಿದ್ರು. ಉತ್ತರ ನಮ್ಮ ಬೆನ್ನ ಹಿಂದ, ಬಾಗಲ ಕಡೆ ಇತ್ತು. ಹೊಲದಾಗ ನಿಂತಿದ್ರ ನಮಗೂ ಗೊತ್ತಾಗ್ತಿತ್ತು, ನಕಾಶಿ ಮುಂದ ಗೊತ್ತಾಗ್ಲಿಲ್ಲ.

ಹೋದ ವರ್ಷ ನಮ್ಮ ಸಾಲ್ಯಾಗ ನಾ ಉತ್ತರ ಯಾವ ಕಡೆ ಅಂತ ಕೇಳಿದಾಗ, ನಿನ್ನ ಮಗಳು ಭೀಮವ್ವ ಹಿಂಗ ಹಿಂದಿನ ಬಾಗಲ ಕಡೆ ಬೆರಳು ಮಾಡಿದ್ದಕ್ಕ ನಾ ಛಡಿಲೇ ಹೊಡದಿದ್ದೆ. ಮರುದಿನದಿಂದ ಆಕಿ ಸಾಲಿ ಬಿಟ್ಟು ಕುರಿ ಹಿಂದ ಹೋದ್ಲು.

ಇಲ್ಲಿ ನೀರು ಸವಳು, ಹೊಟ್ಟಿ ಕೆಟ್ಟಿತ್ತು, ಈಗ ಆರಾಮ ಇದ್ದೀನಿ. ಸೋಮವಾರ ಮುದನಾಳಕ್ಕ ಬರ್ತೀನಿ. ಕಾರ್ಡಿನ್ಯಾಗ ಜಾಗ ಮುಗ್ಯಾಕ ಬಂತು.

ನಿನಗ ಓದಾಕ ಬರಂಗಿಲ್ಲ, ಇದನ್ನ ಆಕೀನ ಓದಿ ಹೇಳಾಕತ್ತಿರಬೇಕು. ಭೀಮವ್ವಾ, ನಿಮ್ಮವ್ವಗ ಕೇಳೋಹಂಗ ಜೋರಾಗಿ ಓದು: ತಪ್ಪು ಮಾಸ್ತರಂದು.

ಮಾಳಪ್ಪ