ಕೇಳಿಸಿದ ಕೂಗು

ಶಿಡ್ಲಘಟ್ಟ
13 ಸೆಪ್ಟೆಂಬರ್ 2025, ಶನಿವಾರ

ಪ್ರೀತಿಯ ಅಮೃತಕ್ಕಾ,

ಹೇಗಿದ್ದೀಯ? ರಾಯಚೂರಿನ ಬಿಸಿಲು ಸ್ವಲ್ಪವಾದರೂ ಇಳಿಯಿತೆ? ಆಸ್ಪತ್ರೆಯಲ್ಲಿ ನಿಂತು ನಿಂತು ನಿನ್ನ ಹಿಮ್ಮಡಿ ನೋವು ಹೆಚ್ಚಾಗಿದೆಯೆಂದು ಅಮ್ಮ ಹೇಳಿದಳು. ರೋಗಿಗಳಿಗೆ ಹೇಳುವ ಬಿಸಿನೀರಿನ ಉಪಚಾರವನ್ನು ನೀನೂ ಮಾಡಿಕೊ. ಇಲ್ಲಿ ಎಲ್ಲರೂ ಆರೋಗ್ಯ. ಫೋನ್ ಇರುವಾಗ ಇವಳಿಗೇನು ಕಾಗದದ ಹುಚ್ಚು ಅನ್ನಬೇಡ. ಫೋನಿನಲ್ಲಾದರೆ ನಾನು ಅರ್ಧ ಹೇಳುವುದರೊಳಗೆ ನೀನು ಸಮಾಧಾನ ಮಾಡಲು ಶುರುಮಾಡುತ್ತೀಯ. ಈ ಸಲ ನನಗೆ ಅದು ಬೇಡ.

ಹೋದ ವರ್ಷ ಆಗಸ್ಟಿನಲ್ಲಿ ಕಯಾಕಿಂಗ್ ಕ್ಲಬ್ ಸೇರಿದೆನಲ್ಲ, ನಮ್ಮ ಶಾಲೆಯ ವಿಜ್ಞಾನದ ಟೀಚರ್ ಅಲ್ಮಾಸ್ ನನ್ನನ್ನು ಎಳೆದುಕೊಂಡು ಹೋದದ್ದು. ಭಾನುವಾರ ಬೆಳಿಗ್ಗೆ ಜಂಗಮಕೋಟೆಯ ಆಚೆ ಒಂದು ಕೆರೆ ಏರಿಯ ಮೇಲೆ ಎಂಟು ಹತ್ತು ಜನ ಸೇರುತ್ತೇವೆ. ಸೈನ್ಯದಿಂದ ನಿವೃತ್ತರಾದ ಕೋನಪ್ಪನವರು ಕಲಿಸುತ್ತಾರೆ. ಒಬ್ಬೊಬ್ಬರೇ ಕೂರುವ ಸಣ್ಣ ದೋಣಿ, ಕೈಯಲ್ಲೊಂದು ಹುಟ್ಟು. ಮೊದಲ ದಿನ ನಾನು ನಿಂತಲ್ಲೇ ಸುತ್ತಿದ್ದು ನೋಡಿ, "ಏನಮ್ಮಾ, ರಾಗಿ ಬೀಸ್ತಿದ್ದೀಯಾ?" ಎಂದು ನಕ್ಕಿದ್ದರು.

ನವೆಂಬರಿನಲ್ಲಿ ಆದದ್ದನ್ನು ಮಾತ್ರ ನಿನಗೆ ಹೇಳಿರಲಿಲ್ಲ. ಮಳೆ ಹಿಡಿದು ಕೆರೆ ಕೋಡಿ ಹರಿಯುತ್ತಿತ್ತು. ಅರ್ಧ ಮುಳುಗಿದ ಜಾಲಿಮರಗಳ ಹತ್ತಿರ ಸುಳಿಯಬಾರದೆಂದು ಕೋನಪ್ಪನವರ ಕಟ್ಟಪ್ಪಣೆ. ಎಲ್ಲರೂ ಮುಂದೆ ಹೋಗಿದ್ದರು, ನಾವಿಬ್ಬರೇ ಹಿಂದೆ. ಗಾಳಿ ಎದ್ದು ಅಲ್ಮಾಸಳ ದೋಣಿಯನ್ನು ಆ ಮರಗಳೊಳಕ್ಕೇ ನೂಕಿ ಮಗುಚಿತು. "ತನೂ, ಬಾರೇ! ಕಾಲು ಸಿಕ್ಕೊಂಡಿದೆ!" ಅಕ್ಕಾ, ನಾನು ತಿರುಗಿ ನೋಡಿದೆ. ಗದ್ದದವರೆಗೂ ನೀರು, ಒಂದು ಕೈ ಮುಳ್ಳುಕೊಂಬೆಯ ಮೇಲೆ. ನೋಡಿಯೂ ದಡದ ಕಡೆಗೆ ಹುಟ್ಟು ಹಾಕಿದೆ. ಅವಳ ಎರಡನೆಯ ಕೂಗಿಗೆ ಕೋನಪ್ಪನವರು ವಾಪಸ್ಸು ಬಂದು ಬಿಡಿಸಿದರು. ದಡದಲ್ಲಿ ಅವಳ ಕಾಲಿನಿಂದ ರಕ್ತ ಇಳಿಯುತ್ತಿತ್ತು. ಯಾರೂ ಕೇಳುವ ಮೊದಲೇ "ಗಾಳೀಲಿ ಕೇಳಿಸ್ಲೇ ಇಲ್ಲ ಕಣೇ" ಅಂದೆ. ಅವಳು ನಡುಗುತ್ತಲೇ "ಹೋಗ್ಲಿ ಬಿಡು" ಅಂದಳು.

ಆಮೇಲೆ ಒಂದು ಭಾನುವಾರವನ್ನೂ ತಪ್ಪಿಸಿಲ್ಲ. ಜನವರಿಯ ಮಂಜಿನಲ್ಲಿ ಮುಂದಿನ ದೋಣಿ ಕಾಣದೆ ಒಬ್ಬರನ್ನೊಬ್ಬರು ಕೂಗಿಕೊಂಡು ಹೋಗುತ್ತಿದ್ದೆವು. ಪ್ರತಿ ಕೂಗಿಗೂ ನಾನು ಹುಟ್ಟು ನಿಲ್ಲಿಸಿ ತಿರುಗಿ ನೋಡುತ್ತಿದ್ದೆ. ಏಪ್ರಿಲಿನಲ್ಲಿ ನೀರು ಇಂಗಿ, ದೋಣಿಯನ್ನು ಕೆಸರಿನಲ್ಲಿ ಎಳೆದೊಯ್ಯಬೇಕಾಯಿತು. ಉಳಿದಿದ್ದಷ್ಟು ನೀರಿನಲ್ಲೇ, ಮಗುಚಿದವರನ್ನು ಮೇಲೆತ್ತುವುದನ್ನು ಹಟ ಹಿಡಿದು ಕಲಿತೆ. ಪಾಠ ಮಾಡುವಾಗ, ಒಗ್ಗರಣೆ ಹಾಕುವಾಗ ಆ ಕೂಗು ನೆನಪಾಗಿ ಕೈ ನಿಂತುಬಿಡುತ್ತದೆ. ಅಲ್ಮಾಸ್ ಎಂದಿನಂತೆ ಊಟದ ಡಬ್ಬಿ ಬಿಚ್ಚಿ ನನ್ನ ಕಡೆಗೆ ಸರಿಸುತ್ತಾಳೆ. ಅದೇ ತಡೆಯಲಾಗುತ್ತಿಲ್ಲ. ಈಗ ಕೆರೆಗೆ ಮತ್ತೆ ನೀರು ಬಂದಿದೆ. ನಾಳೆ ಇಬ್ಬರು ಕೂರುವ ದೋಣಿಯಲ್ಲಿ ಜೊತೆಗೆ ಹೋಗೋಣ ಅಂದಿದ್ದಾಳೆ. ಹೇಳಲೋ, ಬಿಡಲೋ? ನಿನ್ನ ಉತ್ತರ ಬರುವವರೆಗೆ ಕಾಯುವ ನೆಮ್ಮದಿಯೂ ನನಗಿಲ್ಲ.

ಭಾವನಿಗೆ ನಮಸ್ಕಾರ, ಪುಟ್ಟಿಯ ಎರಡೂ ಕೆನ್ನೆಗೆ ಮುತ್ತು.

ನಿನ್ನ ತಂಗಿ,
ತನುಜ

ವಿ.ಸೂ.: ಭಾನುವಾರ, ಹತ್ತೂವರೆ ಗಂಟೆ. ಕಾಗದ ಇನ್ನೂ ಅಂಟಿಸಿರಲಿಲ್ಲ. ದೋಣಿ ನೀರಿಗಿಳಿಸುವ ಮೊದಲೇ ಹೇಳಿಬಿಟ್ಟೆ: "ಅವತ್ತು ಕೇಳಿಸಿತ್ತು ಕಣೇ. ಭಯ ಆಯ್ತು, ಬಿಟ್ಟು ಬಂದೆ." ಅಲ್ಮಾಸ್ ತಲೆ ಎತ್ತಲಿಲ್ಲ. "ನೀನು ತಿರುಗಿ ನೋಡಿದ್ದು ನಂಗೆ ಕಂಡಿತ್ತು. ಭಯ ಯಾರಿಗಿಲ್ಲ? ಹತ್ತು ತಿಂಗಳು ಸುಳ್ಳು ಇಟ್ಕೊಂಡು ನನ್ನ ಜೊತೆ ಊಟ ಮಾಡಿದ್ಯಲ್ಲ, ಅದಕ್ಕೇನು ಮಾಡ್ಲಿ?" ಎಂದು ಕೋನಪ್ಪನವರಿದ್ದ ಇನ್ನೊಂದು ಜೋಡಿ ದೋಣಿಗೆ ಹೋಗಿ ಕೂತಳು. ನಾನೊಬ್ಬಳೇ ಜೋಡಿ ದೋಣಿ ನಡೆಸಿ ಬಂದೆ. ಹೊರಡುವಾಗ ಅವಳು ಬಸ್ಸು ಹಿಡಿಯುತ್ತಾಳೆಂದುಕೊಂಡೆ. ಬಂದು ನನ್ನ ಸ್ಕೂಟರಿನ ಹಿಂದೆಯೇ ಕೂತಳು.